ಡೈವೋರ್ಸ್ ಕೇಸು ನಡೆಸುವ ವಕೀಲರಿಗೆ: ಮೊದಲ ದಿನವೇ ಎಲ್ಲ ಬಾಗಿಲೂ ತೋರಿಸಿ

ಮಾನ್ಯ ವಕೀಲರೇ,

ನಾನು ನಿಮ್ಮ ವೃತ್ತಿಯವಳಲ್ಲ. ನಿಮ್ಮ ಮೇಜಿನ ಈಚೆ ಕಡೆ ಕೂತವಳು. ಡೈವೋರ್ಸ್ ಕೇಸನ್ನು ಐದು ವರ್ಷ ಎಳೆದಾಡಿ, ಕೊನೆಗೆ ಕೋರ್ಟಿನ ಹೊರಗೆ ನಾಲ್ಕೇ ಸಿಟ್ಟಿಂಗ್‌ನಲ್ಲಿ ಮುಗಿಸಿಕೊಂಡವಳು. ಇದು ನನ್ನ ವಕೀಲರ ಮೇಲಿನ ದೂರಲ್ಲ. ಅವರು ಮೋಸ ಮಾಡಲಿಲ್ಲ. ಸುಮ್‌ಸುಮ್ನೆ ವಾಯಿದೆ ಕೇಳಲಿಲ್ಲ. ಫೋನ್ ಮಾಡಿದರೆ ಎತ್ತುತ್ತಿದ್ದರು. ನನ್ನ ತಕರಾರು ಮೊದಲ ಭೇಟಿಯ ಅರ್ಧ ಗಂಟೆಯ ಬಗ್ಗೆ ಮಾತ್ರ.

ಆ ದಿನ ನಾನು ಅಳುತ್ತಲೇ ಹೋಗಿದ್ದೆ. ಅವರು ನೀರು ಕೊಟ್ಟು, ಪೂರ್ತಿ ಕೇಳಿಸಿಕೊಂಡು, "ನಿಮ್ಮ ಗಂಡನ ಬಗ್ಗೆ ಏನೇನು ಕಂಪ್ಲೇಂಟ್ ಇದೆಯೋ ಎಲ್ಲಾ ಬರೆದುಕೊಂಡು ಬನ್ನಿ. ಏನನ್ನೂ ಬಿಡಬೇಡಿ" ಅಂದರು. ಆ ರಾತ್ರಿ ಮಗಳು ಮಲಗಿದ ಮೇಲೆ ಅವಳ ರಫ್ ಬುಕ್ಕಿನ ಹಾಳೆ ಹರಿದುಕೊಂಡು ಬರೆಯಲು ಕೂತೆ. ನಾಲ್ಕು ಪುಟ ಆಯಿತು. ಮೂರನೇ ಪುಟದಲ್ಲಿ ಒಂದು ಸಾಲು: "ಒಂದು ದಿನ ಮಗಳನ್ನು ಸ್ಕೂಲಿಂದ ಕರೆದುಕೊಂಡು ಬರೋದು ಮರೆತರು."

ಎರಡು ವಾರ ಬಿಟ್ಟು ಸಹಿಗೆ ಬಂದ ಅರ್ಜಿ 22 ಪುಟ ಇತ್ತು. ನನ್ನ ಸಾಲು ಅಲ್ಲಿ ಹೀಗಾಗಿತ್ತು: "ಎದುರುದಾರರು ಮಗುವಿನ ಯೋಗಕ್ಷೇಮದ ಬಗ್ಗೆ ಸದಾ ಅಸಡ್ಡೆ ತೋರುತ್ತಾ ಬಂದಿರುತ್ತಾರೆ." 'ಒಂದು ದಿನ' ಅನ್ನೋದು 'ಸದಾ' ಆಗಿತ್ತು. ಓದಿದೆ. ಓದಿಯೂ ಸಹಿ ಹಾಕಿದೆ. ಆ ತಪ್ಪು ನನ್ನದೇ. ಆದರೆ ಆ 22 ಪುಟಕ್ಕೆ ಗಂಡನ ಕಡೆಯಿಂದ 31 ಪುಟದ ಉತ್ತರ ಬಂತು. ಅದರಲ್ಲಿ ನಮ್ಮಮ್ಮನನ್ನೂ ಎಳೆದು ತಂದಿದ್ದರು. ಅಲ್ಲಿಗೆ ನಮ್ಮಿಬ್ಬರ ಮಾತು ನಿಂತುಹೋಯಿತು.

ಇನ್ನೊಂದು ಸಲಹೆಯೂ ಸಿಕ್ಕಿತ್ತು. ಮಗಳನ್ನು ಕರೆದೊಯ್ಯಲು ಅವರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಲೇಟು ಅಂತ ಡೈರಿಯಲ್ಲಿ ಬರೆದಿಡಿ, ಮುಂದೆ ಸಾಕ್ಷಿಗೆ ಬೇಕಾಗುತ್ತೆ ಅಂತ. ಬರೆದಿಟ್ಟೆ. 12 ನಿಮಿಷ. 7 ನಿಮಿಷ. ಬರಲಿಲ್ಲ. 20 ನಿಮಿಷ. ಒಂದು ದಿನ ಡೈರಿ ಮಗಳ ಕೈಗೆ ಸಿಕ್ಕಿತು. "ಇದು ಅಪ್ಪನ ಅಟೆಂಡೆನ್ಸಾ ಅಮ್ಮ?" ಅಂದಳು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನೋ ಗಾದೆಯನ್ನು ಬೇರೆಯವರ ಮನೆ ವಿಷಯಕ್ಕೆ ನಾನೇ ಎಷ್ಟು ಸಲ ಹೇಳಿದ್ದೆನೋ.

ಕೋರ್ಟು ಬಿಟ್ಟರೆ ಬೇರೆ ದಾರಿಯೂ ಇದೆ ಅಂತ ಆ ಮೊದಲ ದಿನ ಯಾರೂ ಹೇಳಲಿಲ್ಲ. ಹೇಳಿದ್ದರೂ ನಾನು ಕೋರ್ಟಿಗೇ ಹೋಗುತ್ತಿದ್ದೆನೇನೋ. ಅಷ್ಟು ಸಿಟ್ಟಿತ್ತು. ಆದರೂ ಗೊತ್ತಿದ್ದು ಹೋಗುವುದಕ್ಕೂ ಗೊತ್ತಿಲ್ಲದೆ ಹೋಗುವುದಕ್ಕೂ ವ್ಯತ್ಯಾಸ ಇದೆ ಅಲ್ವಾ?

ಈ 'ಬಾಗಿಲು' ಅನ್ನೋ ಮಾತು ನನ್ನದಲ್ಲ. ಹಾರ್ವರ್ಡ್‌ನ ಕಾನೂನು ಪ್ರಾಧ್ಯಾಪಕ ಫ್ರಾಂಕ್ ಸ್ಯಾಂಡರ್ 1976ರಲ್ಲಿ, ಅಮೆರಿಕದ ಸೇಂಟ್ ಪಾಲ್ ನಗರದಲ್ಲಿ ನಡೆದ ಒಂದು ಸಮ್ಮೇಳನದಲ್ಲಿ ನ್ಯಾಯಾಧೀಶರು, ವಕೀಲರ ಮುಂದೆ ಒಂದು ವಿಚಾರ ಇಟ್ಟರು. ಎಲ್ಲ ಜಗಳವೂ ಒಂದೇ ತರದ್ದಲ್ಲ. ಬಂದವರ ವಿಷಯ ಏನು ಅಂತ ಮೊದಲು ನೋಡಿ, ಕೆಲವರನ್ನು ಮಧ್ಯಸ್ಥಿಕೆಗೆ (ಮೀಡಿಯೇಷನ್), ಕೆಲವರನ್ನು ಪಂಚಾಯ್ತಿಗೆ (ಊರ ಪಂಚಾಯ್ತಿ ಅಲ್ಲ, ಆರ್ಬಿಟ್ರೇಷನ್), ಕೆಲವರನ್ನು ವಿಚಾರಣೆಗೆ ಕಳಿಸಬೇಕು. ಆಮೇಲೆ ಇದಕ್ಕೆ 'ಹಲವು ಬಾಗಿಲಿನ ನ್ಯಾಯಾಲಯ' ಅಂತ ಹೆಸರಾಯಿತು. ಬಾಗಿಲ ಹತ್ತಿರ ನಿಂತು ಎಲ್ಲಿಗೆ ಹೋಗಬೇಕು ಅಂತ ಹೇಳುವವರು ಬೇಕಲ್ಲ? ಸಂಸಾರದ ಜಗಳದಲ್ಲಿ ಆ ಜಾಗದಲ್ಲಿ ಇರುವವರು ನೀವು. ಜನ ಮೊದಲು ಬರುವುದು ನಿಮ್ಮ ಹತ್ತಿರಕ್ಕೇ.

ಸೇಂಟ್ ಪಾಲ್ ಪಕ್ಕದ ಊರೇ ಮಿನಿಯಾಪೊಲಿಸ್. ನದಿ ದಾಟಿದರೆ ಆಯಿತು. ಅಲ್ಲಿ ನಿಮ್ಮ ಹಾಗೇ ಡೈವೋರ್ಸ್ ಕೇಸು ನಡೆಸುತ್ತಿದ್ದ ಸ್ಟುವರ್ಟ್ ವೆಬ್ ಅನ್ನೋ ವಕೀಲರಿಗೆ ಈ ಕೆಲಸ ಸಾಕಾಗಿಹೋಗಿತ್ತು. 1990ರಲ್ಲಿ ಅವರು ಇನ್ನು ಮೇಲೆ ಕೋರ್ಟಿಗೆ ಹೋಗುವುದಿಲ್ಲ, ಕೂತು ಮಾತಾಡಿ ಬಗೆಹರಿಸುವ ಕೇಸು ಮಾತ್ರ ಹಿಡಿಯುತ್ತೇನೆ ಅಂತ ತೀರ್ಮಾನಿಸಿದರು. ಅಲ್ಲಿಂದ ಹುಟ್ಟಿದ್ದನ್ನು ಈಗ ಸಹಯೋಗಿ ವಕೀಲಿಕೆ ಅನ್ನುತ್ತಾರೆ. ಗಂಡನಿಗೊಬ್ಬ ವಕೀಲ, ಹೆಂಡತಿಗೊಬ್ಬ ವಕೀಲ, ನಾಲ್ಕೂ ಜನ ಒಂದೇ ಮೇಜಿನ ಸುತ್ತ. ಅದರಲ್ಲಿ ಒಂದು ಷರತ್ತು ಇದೆ, ನನಗೆ ತುಂಬಾ ಹಿಡಿಸಿದ್ದು ಅದೇ. ಮಾತುಕತೆ ಮುರಿದು ಕೇಸು ಕೋರ್ಟಿಗೆ ಹೋದರೆ ಇಬ್ಬರು ವಕೀಲರೂ ಕೇಸು ಬಿಡಬೇಕು. ಕಕ್ಷಿದಾರರು ಹೊಸ ವಕೀಲರನ್ನು ಹುಡುಕಿಕೊಳ್ಳಬೇಕು. ಜಗಳ ಮುಂದುವರಿದರೆ ಯಾರಿಗೂ ಲಾಭ ಇಲ್ಲ, ನಷ್ಟ ಎಲ್ಲರಿಗೂ. ಬಡವರಿಗೆ ಇದು ದುಬಾರಿಯಾದ ಷರತ್ತು, ಒಪ್ಪುತ್ತೇನೆ. ಮಾತು ಮುರಿದರೆ ಎರಡನೇ ಸಲ ಫೀಸು ಕಟ್ಟಬೇಕು. ಅದನ್ನೂ ಮೊದಲೇ ಬಿಡಿಸಿ ಹೇಳಬೇಕು.

ನಾನು ಹೋಗಿದ್ದು ಮಧ್ಯಸ್ಥಿಕೆಗೆ. ಅಲ್ಲಿ ಮಧ್ಯಸ್ಥರು ಒಬ್ಬರೇ, ಯಾರ ಕಡೆಯವರೂ ಅಲ್ಲ. ತೀರ್ಪು ಕೊಡುವ ಅಧಿಕಾರವೂ ಅವರಿಗಿಲ್ಲ. ಪಂಚಾಯ್ತಿ ಬೇರೆ. ಅಲ್ಲಿ ಇಬ್ಬರೂ ಒಪ್ಪಿ ಆರಿಸಿಕೊಂಡ ಪಂಚರು ಕೇಳಿ ತೀರ್ಪು ಕೊಡುತ್ತಾರೆ, ಅದಕ್ಕೆ ಕಟ್ಟುಬೀಳಬೇಕು. ಮನೆ, ಸಾಲ, ಷೇರು ಹಂಚುವ ತಕರಾರಿಗೆ ಅದು ಒಗ್ಗುತ್ತದೆ. ಮಕ್ಕಳ ವಿಷಯದಲ್ಲಿ ಮಾತ್ರ ಕೊನೆಯ ಮಾತನ್ನು ಕೋರ್ಟುಗಳು ಸಾಮಾನ್ಯವಾಗಿ ತಮ್ಮ ಕೈಯಲ್ಲೇ ಇಟ್ಟುಕೊಳ್ಳುತ್ತವೆ. ಅದು ಸರಿಯೇ.

ಈ ದಾರಿ ನನಗೆ ಐದು ವರ್ಷ ಯಾಕೆ ಕಾಣಲಿಲ್ಲ ಅಂತ ಯೋಚಿಸಿದ್ದೇನೆ. ಒಂದು ಕಾರಣ 'ರಾಜಿ' ಅನ್ನೋ ಪದ. ಕೇಸಿನ ಮಧ್ಯದಲ್ಲಿ ಯಾರೋ ಒಬ್ಬರು "ರಾಜಿ ಮಾಡಿಕೊಳ್ಳಿ" ಅಂದಿದ್ದರು. ನನ್ನ ಕಿವಿಗೆ ಅದು "ವಾಪಸ್ ಹೋಗಿ, ಹೊಂದಿಕೊಂಡು ಬಾಳಿ" ಅಂತಲೇ ಕೇಳಿಸಿತು. ನಮ್ಮ ಮಾತಿನಲ್ಲಿ ಅದರ ಅರ್ಥವೂ ಹಾಗೇ ಅಲ್ವಾ? ರಾಜಿ ಅಂದರೆ ಒಬ್ಬರು ಬಗ್ಗಬೇಕು, ಮತ್ತೆ ಹೆಚ್ಚು ಸಲ ಬಗ್ಗುವುದು ಹೆಂಗಸೇ. ಹಿರಿಯರು ಸೇರಿ ಬುದ್ಧಿ ಹೇಳಿ ಕಳಿಸುವುದು, ನಾಲ್ಕು ಜನ ಏನಂದಾರು ಅನ್ನುವುದು, ಅದನ್ನೆಲ್ಲ ನಾನು ದಾಟಿ ಬಂದಿದ್ದೆ. ಮತ್ತೆ ಅದೇ ಶುರುವಾಗುತ್ತೆ ಅಂದುಕೊಂಡು ಆ ಮಾತನ್ನು ಅಲ್ಲಿಗೇ ಕತ್ತರಿಸಿದ್ದೆ.

ಮಧ್ಯಸ್ಥಿಕೆ ಆ ತರದ ರಾಜಿ ಅಲ್ಲ ಅಂತ ಗೊತ್ತಾಗಿದ್ದು ಆ ಕೋಣೆಯಲ್ಲಿ ಕೂತ ಮೇಲೆ. ಮಧ್ಯಸ್ಥರು ಶುರುವಿನಲ್ಲೇ, "ನಿಮ್ಮನ್ನು ಒಂದು ಮಾಡೋದು ನನ್ನ ಕೆಲಸ ಅಲ್ಲ. ಬೇರೆಯಾಗೋದು ಹೇಗೆ ಅಂತ ನೀವು ತೀರ್ಮಾನ ಮಾಡಿ, ನಾನು ಜೊತೆಗಿರುತ್ತೇನೆ" ಅಂದರು. ಇಲ್ಲಿ ಆಡಿದ ಮಾತು ಕೋರ್ಟಿಗೆ ಹೋಗುವುದಿಲ್ಲ, ಬೇಡ ಅನ್ನಿಸಿದರೆ ಯಾವಾಗ ಬೇಕಾದರೂ ಎದ್ದು ಹೋಗಬಹುದು ಅಂತಲೂ ಹೇಳಿದರು. ಎದ್ದು ಹೋಗಬಹುದು ಅಂದ ಮೇಲೆಯೇ ನಾನು ಕುರ್ಚಿಗೆ ಒರಗಿ ಕೂತದ್ದು.

ಮೊದಲ ಸಿಟ್ಟಿಂಗ್ ಬರೀ ಕೂಗಾಟ. ಮಧ್ಯಸ್ಥರು ಒಬ್ಬೊಬ್ಬರನ್ನೇ ಪಕ್ಕದ ಕೋಣೆಗೆ ಕರೆದು ಮಾತಾಡಿಸಿದರು. ಅಲ್ಲಿ ಹೇಳಿದ್ದನ್ನು ನಾವು ಒಪ್ಪದೆ ಆಚೆಯವರಿಗೆ ದಾಟಿಸಲಿಲ್ಲ. ಎರಡನೇ ಸಲ ಅವರು ಒಂದು ದೊಡ್ಡ ಹಾಳೆ ತೆಗೆದು ಏಳು ಚೌಕ ಎಳೆದರು. ಸೋಮವಾರದಿಂದ ಭಾನುವಾರ. ಹಾಳೆಯನ್ನು ನಮ್ಮಿಬ್ಬರ ನಡುವೆ ಇಟ್ಟು, "ಬುಧವಾರ ಸ್ಕೂಲ್ ಬಿಟ್ಟ ಮೇಲೆ ಮಗು ಎಲ್ಲಿರುತ್ತೆ?" ಅಂದರು. ಅಷ್ಟೇ. ಯಾರು ಒಳ್ಳೆಯ ತಾಯಿ, ಯಾರು ಕೆಟ್ಟ ತಂದೆ ಅಂತ ಕೇಳಲಿಲ್ಲ. ಬುಧವಾರ ಅವಳಿಗೆ ಈಜು ಕ್ಲಾಸಿತ್ತು. ನನಗೆ ಆಫೀಸು ಬಿಡುವುದು ತಡ. "ಬುಧವಾರ ನಾನು ಬಿಡುವಾಗಿರ್ತೀನಿ" ಅಂದರು ಮಗಳ ಅಪ್ಪ. ನನಗದು ಗೊತ್ತೇ ಇರಲಿಲ್ಲ. ಕೆಲಸ ಬದಲಾಯಿಸಿ ಎರಡು ವರ್ಷ ಆಗಿತ್ತಂತೆ. 53 ಪುಟ ಬರೆದುಕೊಂಡಿದ್ದ ನಮ್ಮಲ್ಲಿ ಒಬ್ಬರಿಗೂ ಇನ್ನೊಬ್ಬರ ಬುಧವಾರ ಗೊತ್ತಿರಲಿಲ್ಲ.

ಸುಲಭವಾಗಿ ಮುಗಿಯಿತು ಅಂತ ಅಂದುಕೊಳ್ಳಬೇಡಿ. ಜೀವನಾಂಶದ ಮಾತು ಬಂದಾಗ ಮತ್ತೆ ಸಿಕ್ಕಿಹಾಕಿಕೊಂಡಿತು. ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಸಾಲದ ಕಾಗದ ಎಲ್ಲವನ್ನೂ ಇಬ್ಬರೂ ಮೇಜಿನ ಮೇಲೆ ಇಡುವ ತನಕ ಮಧ್ಯಸ್ಥರು ಮುಂದಕ್ಕೆ ಹೋಗಲಿಲ್ಲ. ನನ್ನದೂ ಒಂದು ಠೇವಣಿ ಹೇಳದೆ ಉಳಿದಿತ್ತು. ತಲೆತಗ್ಗಿಸಿ ಅದನ್ನೂ ಇಟ್ಟೆ. ಮಗಳಿಗೆ ಜ್ವರ ಬಂದರೆ ಯಾರು ರಜ ಹಾಕುವುದು ಅನ್ನೋದಕ್ಕೇ ಮುಕ್ಕಾಲು ಗಂಟೆ ಹೋಯಿತು. ಯಾವ ನ್ಯಾಯಾಧೀಶರಿಗೆ ಅಷ್ಟು ಹೊತ್ತು ಪುರುಸೊತ್ತಿರುತ್ತದೆ? ನಾಲ್ಕನೇ ಸಿಟ್ಟಿಂಗ್ ಮುಗಿದಾಗ ಒಂಬತ್ತು ಪುಟದ ಒಪ್ಪಂದ ಆಗಿತ್ತು. ಇಬ್ಬರೂ ಅದನ್ನು ನಮ್ಮ ನಮ್ಮ ವಕೀಲರಿಗೆ ತೋರಿಸಿ, ಎರಡು ಸಾಲು ತಿದ್ದಿಸಿ, ಆಮೇಲೆ ಸಹಿ ಹಾಕಿದೆವು. ಕೋರ್ಟು ಅದರ ಮೇಲೆ ಡಿಕ್ರಿ ಮಾಡಿತು. ಕೋರ್ಟು ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಡೈವೋರ್ಸ್ ಕಾನೂನಿನಲ್ಲಿ ನಿಲ್ಲಬೇಕಾದರೆ ಕೊನೆಯ ಮುದ್ರೆ ಅವರದ್ದೇ ಬೇಕು. ಮುದ್ರೆ ಒತ್ತಿಸಿಕೊಳ್ಳಲು ಹೋಗುವುದೇ ಬೇರೆ, ಹೊಡೆದಾಡಲು ಹೋಗುವುದೇ ಬೇರೆ.

ಇದು ಒಬ್ಬಳ ಕಥೆ, ಇದರಿಂದ ಏನು ಸಾಬೀತಾಗುತ್ತೆ ಅಂತ ನೀವು ಕೇಳಬಹುದು. ಸಾಕ್ಷಿ ಕೇಳುವುದು ನಿಮ್ಮ ಅಭ್ಯಾಸ. ಅಮೆರಿಕದ ವರ್ಜೀನಿಯಾದಲ್ಲಿ ಮನಶ್ಶಾಸ್ತ್ರಜ್ಞ ರಾಬರ್ಟ್ ಎಮರಿ ಮತ್ತು ಅವರ ತಂಡ ಒಂದು ಅಧ್ಯಯನ ಮಾಡಿತು. ಮಕ್ಕಳ ಸುಪರ್ದಿಗಾಗಿ ಕೋರ್ಟಿಗೆ ಬಂದ ಕುಟುಂಬಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮಧ್ಯಸ್ಥಿಕೆ, ಇನ್ನೊಂದಕ್ಕೆ ಎಂದಿನ ಕೋರ್ಟು ದಾರಿ. ಮಧ್ಯಸ್ಥಿಕೆಗೆ ಹಿಡಿದದ್ದು ಸರಾಸರಿ ಐದಾರು ಗಂಟೆ. 12 ವರ್ಷ ಆದ ಮೇಲೆ ಅವರನ್ನು ಮತ್ತೆ ಹುಡುಕಿ, ಸಿಕ್ಕವರನ್ನು ಕೇಳಿದರು. 2001ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಮಗುವಿನಿಂದ ಬೇರೆ ಮನೆಯಲ್ಲಿರುವ ತಂದೆ ಅಥವಾ ತಾಯಿ ವಾರಕ್ಕೊಮ್ಮೆಯಾದರೂ ಮಗುವನ್ನು ನೋಡುವುದು ಮಧ್ಯಸ್ಥಿಕೆಯ ಗುಂಪಿನಲ್ಲಿ ಸುಮಾರು ಮೂರು ಪಟ್ಟು ಜಾಸ್ತಿ ಇತ್ತು. ಐದಾರು ಗಂಟೆ ಕೂತು ಆಡಿದ ಮಾತು 12 ವರ್ಷ ಬಾಳಿಕೆ ಬಂದಿತ್ತು. ಆ ಅಧ್ಯಯನದ ಕುಟುಂಬಗಳು ನೂರರ ಒಳಗೇ ಇದ್ದವು, ಅದೂ ನಿಜ. ಪಾಟಿ ಸವಾಲಿನಲ್ಲಿ ನೀವೇ ಕೇಳುವ ಮುಂಚೆ ಹೇಳಿಬಿಟ್ಟೆ.

ಹೊರಗಿನ ದೇಶಗಳಲ್ಲಿ ಇದನ್ನು ವಕೀಲರ ಇಷ್ಟಕ್ಕೇ ಬಿಟ್ಟಿಲ್ಲ. ನಾರ್ವೆಯಲ್ಲಿ 16 ವರ್ಷದೊಳಗಿನ ಮಕ್ಕಳಿರುವ ಗಂಡ ಹೆಂಡತಿ ಬೇರೆಯಾಗಬೇಕಾದರೆ ಕನಿಷ್ಠ ಒಂದು ಗಂಟೆ ಮಧ್ಯಸ್ಥಿಕೆಗೆ ಕೂರಲೇಬೇಕು. ಜಪಾನಿನಲ್ಲಿ ಡೈವೋರ್ಸ್ ದಾವೆ ಹೂಡುವ ಮುಂಚೆ ಕುಟುಂಬ ನ್ಯಾಯಾಲಯದಲ್ಲೇ ಸಂಧಾನಕ್ಕೆ ಹೋಗಬೇಕು. ನ್ಯಾಯಾಧೀಶರ ಜೊತೆ ಇಬ್ಬರು ಸಂಧಾನಕಾರರು, ಸಾಮಾನ್ಯವಾಗಿ ಒಬ್ಬ ಗಂಡಸು ಒಬ್ಬ ಹೆಂಗಸು. ಆಸ್ಟ್ರೇಲಿಯಾ 2006ರಲ್ಲಿ ಕಾನೂನು ತಿದ್ದಿತು. ಮಕ್ಕಳ ವಿಷಯದಲ್ಲಿ ಅರ್ಜಿ ಹಾಕುವ ಮುಂಚೆ ಮಾತುಕತೆಗೆ ಪ್ರಯತ್ನಿಸಿದ್ದಕ್ಕೆ ಸರ್ಟಿಫಿಕೇಟ್ ತರಬೇಕು, ಹಿಂಸೆ ಇದ್ದರೆ ವಿನಾಯಿತಿ.

ನನಗೆ ಜಾಸ್ತಿ ಇಷ್ಟವಾಗಿದ್ದು ಇಂಗ್ಲೆಂಡಿನ ಕ್ರಮ. 2014ರಿಂದ ಅಲ್ಲಿ ಮಕ್ಕಳ ಅಥವಾ ಹಣದ ವಿಷಯಕ್ಕೆ ಕುಟುಂಬ ನ್ಯಾಯಾಲಯಕ್ಕೆ ಅರ್ಜಿ ಹಾಕುವವರು, ವಿನಾಯಿತಿ ಇಲ್ಲದಿದ್ದರೆ, ಮೊದಲು ಒಬ್ಬ ಮಧ್ಯಸ್ಥರನ್ನು ಭೇಟಿಯಾಗಬೇಕು. ಗಂಡ ಹೆಂಡತಿ ಜೊತೆಯಲ್ಲಿ ಹೋಗಬೇಕಾಗಿಲ್ಲ. ಏನೇನು ದಾರಿ ಇದೆ, ಯಾವುದು ನಮಗೆ ಒಗ್ಗುತ್ತೆ ಅಂತ ಕೇಳಿಸಿಕೊಂಡು ಬಂದರೆ ಸಾಕು. ಮಧ್ಯಸ್ಥಿಕೆ ಮಾಡಿಕೊಳ್ಳಲೇಬೇಕು ಅಂತ ಬಲವಂತ ಇಲ್ಲ. ಅದೇನು ಅಂತ ತಿಳಿದುಕೊಂಡು ಬನ್ನಿ, ಅಷ್ಟೇ. ನಾನು ನಿಮ್ಮನ್ನು ಕೇಳುತ್ತಿರುವುದೂ ಹೆಚ್ಚುಕಡಿಮೆ ಇದನ್ನೇ. ಕಾನೂನು ಹೇಳಲಿ ಬಿಡಲಿ, ನಿಮ್ಮ ಮೇಜಿನ ಮೇಲೆ ಇದನ್ನು ಶುರು ಮಾಡಲು ಯಾರ ಅಪ್ಪಣೆಯೂ ಬೇಕಾಗಿಲ್ಲ.

ಇಷ್ಟು ಬರೆದು ಒಂದು ಮಾತನ್ನು ಬಿಟ್ಟರೆ ನನ್ನಿಂದ ದೊಡ್ಡ ತಪ್ಪಾಗುತ್ತದೆ. ಹೊಡೆಯುವವರ ಎದುರು ಯಾರನ್ನೂ ಕೂರಿಸಬೇಡಿ. ನನ್ನ ಗೆಳತಿಯೊಬ್ಬಳು ಹೀಗೇ ಒಂದು ಮಾತುಕತೆಗೆ ಕೂತು ಎಲ್ಲಕ್ಕೂ ಹೂಂ ಅಂದು ಬಂದಳು. ಮನೆ ಬೇಡ, ಹಣ ಬೇಡ, ಏನೂ ಬೇಡ. ಎಷ್ಟು ಬೇಗ ಮುಗಿಯಿತು ಅಂತ ಸುತ್ತಲಿನವರು ಖುಷಿಪಟ್ಟರು. ಮಾತಿನ ಮಧ್ಯೆ ಅವಳ ಗಂಡ ಪೆನ್ನಿನಿಂದ ಮೇಜನ್ನು ಎರಡು ಸಲ ಕುಟ್ಟಿದ್ದನಂತೆ. ಮನೆಯಲ್ಲಿ ಆ ಕುಟ್ಟುವಿಕೆಯ ಅರ್ಥ ಏನು ಅಂತ ಅವಳಿಗೊಬ್ಬಳಿಗೇ ಗೊತ್ತಿತ್ತು. ಮಧ್ಯಸ್ಥರಿಗೆ ಏನೂ ಕಾಣಲಿಲ್ಲ. ಹೆಂಗಸರ ಮೇಲಿನ ಹಿಂಸೆ ತಡೆಯಲು 2011ರಲ್ಲಿ ಆದ ಇಸ್ತಾಂಬುಲ್ ಒಪ್ಪಂದದ 48ನೇ ವಿಧಿ ಇದನ್ನೇ ಹೇಳುತ್ತದೆ: ಹಿಂಸೆಯ ಪ್ರಕರಣಗಳಲ್ಲಿ ಮಧ್ಯಸ್ಥಿಕೆ, ಸಂಧಾನ ಯಾವುದನ್ನೂ ಕಡ್ಡಾಯ ಮಾಡುವಂತಿಲ್ಲ. ಅಂಥವರಿಗೆ ಕೋರ್ಟೇ ಸರಿಯಾದ ಬಾಗಿಲು. ಅಲ್ಲಿಗೆ ಬೇಗ ಕರೆದುಕೊಂಡು ಹೋಗಿ, ಮೊದಲು ರಕ್ಷಣೆಯ ಆದೇಶ ತೆಗೆಸಿಕೊಡಿ. ಆಸ್ತಿ ಬಚ್ಚಿಡುವವರು, ಮಗುವನ್ನು ಎತ್ತಿಕೊಂಡು ಕಾಣೆಯಾಗುವವರು ಎದುರಿಗಿದ್ದರೂ ಅಷ್ಟೇ. ಇದನ್ನು ಪತ್ತೆ ಹಚ್ಚಲು ಗಂಡ ಹೆಂಡತಿಯನ್ನು ಬೇರೆ ಬೇರೆಯಾಗಿ, ಬಾಗಿಲು ಹಾಕಿಕೊಂಡು, ನೇರವಾಗಿ ಕೇಳಬೇಕು. "ಮನೆಯಲ್ಲಿ ಭಯ ಆಗುತ್ತಾ?" ಅನ್ನೋ ಪ್ರಶ್ನೆಯನ್ನು ನನ್ನನ್ನು ಐದು ವರ್ಷದಲ್ಲಿ ಯಾರೂ ಕೇಳಲಿಲ್ಲ. ನನ್ನ ಉತ್ತರ ಇಲ್ಲ ಅಂತಲೇ ಇರುತ್ತಿತ್ತು. ಎಲ್ಲರದ್ದೂ ಹಾಗಿರುವುದಿಲ್ಲ.

ಇನ್ನು ನಿಮ್ಮ ಹೊಟ್ಟೆಪಾಡಿನ ಪ್ರಶ್ನೆ. ಈ ಪತ್ರದ ಕರಡನ್ನು ಪರಿಚಯದ ವಕೀಲರೊಬ್ಬರಿಗೆ ತೋರಿಸಿದೆ. ನಕ್ಕರು. "ಎಲ್ಲರನ್ನೂ ಬೇರೆ ಬಾಗಿಲಿಗೆ ಕಳಿಸಿ ನಾವೇನು ಮಾಡೋಣ?" ಅಂದರು. ತಮಾಷೆಗೆ ಅಂದದ್ದಾದರೂ ಅದರಲ್ಲಿ ನಿಜ ಇದೆ. ನನ್ನ ಅನುಭವದಲ್ಲಿ ವಕೀಲರ ಕೆಲಸ ಮಧ್ಯಸ್ಥಿಕೆಯಲ್ಲಿ ಮಾಯವಾಗಲಿಲ್ಲ, ಬೇರೆ ರೂಪ ತಾಳಿತು. ಪ್ರತಿ ಸಿಟ್ಟಿಂಗ್‌ಗೂ ಮುಂಚೆ ನಾನು ನನ್ನ ವಕೀಲರ ಹತ್ತಿರ ಹೋಗಿ, ಇದಕ್ಕೆ ಒಪ್ಪಬಹುದಾ, ಕೋರ್ಟಿನಲ್ಲಾದರೆ ಎಷ್ಟು ಸಿಗುತ್ತಿತ್ತು ಅಂತ ಕೇಳುತ್ತಿದ್ದೆ. ಅದಕ್ಕೆ ಫೀಸೂ ಕೊಟ್ಟೆ. ಆ ಫೀಸು ಕೊಡುವಾಗ ಹೊಟ್ಟೆ ಉರಿಯಲಿಲ್ಲ. ಒಪ್ಪಂದದಲ್ಲಿ ಪೆನ್ಷನ್ ವಿಷಯ ಬಿಟ್ಟುಹೋಗಿದ್ದನ್ನು ಹಿಡಿದವರೂ ಅವರೇ. ಅವರಿಲ್ಲದೆ ಸಹಿ ಹಾಕಿದ್ದರೆ ಇವತ್ತು ನಾನು ಬೇರೆ ಪತ್ರ ಬರೆಯುತ್ತಿದ್ದೆ. ಗೆದ್ದವನು ಸೋತ, ಸೋತವನು ಸತ್ತ ಅನ್ನೋ ಗಾದೆ ಕೋರ್ಟಿನ ಮೇಲೆ ಹುಟ್ಟಿದ್ದು ಸುಮ್ನೆ ಅಲ್ಲ. ಆ ಗಾದೆಯಲ್ಲಿ ವಕೀಲರ ಮಾತೇ ಇಲ್ಲ ಅಂತ ಪರಿಚಯದವರಿಗೆ ಹೇಳಿದೆ. ಆಗಲೂ ನಕ್ಕರು.

ನನ್ನ ಕೋರಿಕೆ ದೊಡ್ಡದಲ್ಲ. ವಕಾಲತ್ತಿಗೆ ಸಹಿ ಹಾಕಿಸಿಕೊಳ್ಳುವ ಮುಂಚೆ ಒಂದು ಹಾಳೆ ಕೊಡಿ. ಎರಡೂ ಕಡೆ ಬರೆದ ಒಂದೇ ಹಾಳೆ ಸಾಕು. ನೇರ ಮಾತುಕತೆ, ಮಧ್ಯಸ್ಥಿಕೆ, ಸಹಯೋಗಿ ವಕೀಲಿಕೆ, ಪಂಚಾಯ್ತಿ, ಕೋರ್ಟು. ಪ್ರತಿಯೊಂದರಲ್ಲೂ ತೀರ್ಮಾನ ಯಾರ ಕೈಯಲ್ಲಿರುತ್ತೆ, ಸುಮಾರು ಎಷ್ಟು ದಿನ ಹಿಡಿಯುತ್ತೆ, ಎಷ್ಟು ಖರ್ಚು, ಮುರಿದುಬಿದ್ದರೆ ಮುಂದೇನು. ಮಧ್ಯಸ್ಥಿಕೆ ಅಂದರೆ ವಾಪಸ್ ಹೋಗಿ ಬಾಳುವುದಲ್ಲ ಅಂತ ದಪ್ಪ ಅಕ್ಷರದಲ್ಲಿ ಬರೆಯಿರಿ. ಭಯ ಇದ್ದರೆ ಇದಾವುದೂ ಬೇಡ, ನೇರ ನನಗೆ ಹೇಳಿ ಅಂತ ಅದಕ್ಕಿಂತ ದಪ್ಪಗೆ ಬರೆಯಿರಿ. ಕಂಪ್ಲೇಂಟ್ ಪಟ್ಟಿ ಬರೆದುಕೊಂಡು ಬನ್ನಿ ಅನ್ನುವ ಬದಲು ಏಳು ಚೌಕದ ಹಾಳೆ ಕೊಟ್ಟು, ಮಗುವಿನ ವಾರ ಹೇಗಿರುತ್ತೆ ತುಂಬಿಕೊಂಡು ಬನ್ನಿ ಅನ್ನಿ. ಎದುರು ಕಡೆಯ ವಕೀಲರಿಗೂ ಒಂದು ಫೋನ್ ಮಾಡಿ.

ಹಾಳೆಯನ್ನು ಅವರು ಮನೆಗೆ ತೆಗೆದುಕೊಂಡು ಹೋಗಲಿ. ಮೊದಲ ದಿನ ಬರುವವರ ತಲೆ ಸರಿ ಇರುವುದಿಲ್ಲ, ನನ್ನದೂ ಇರಲಿಲ್ಲ. ಒಂದು ವಾರ ಬಿಟ್ಟು ಬಂದು "ಓದಿದೆ, ಆದರೂ ಕೇಸು ಹಾಕಿ" ಅಂದರೆ ಹಾಕಿ. ಆಗ 'ಒಂದು ದಿನ' ಅಂತ ಅವರು ಬರೆದು ತಂದಿದ್ದರೆ ಅರ್ಜಿಯಲ್ಲೂ ಒಂದು ದಿನ ಅಂತಲೇ ಇರಲಿ.

ಇಂತಿ,
ನಿಮ್ಮ ಮೇಜಿನ ಈಚೆ ಕೂತಿದ್ದವಳು